ಮೋಕಳಿಯನ್ನು ಬದುಕಿಸಿದ್ದು

ಅರವತ್ತೊಂದನೆಯ ಸಂಚಿಕೆಯಲ್ಲಿ ಮೋಕಳಿ ಬದುಕಿ ಬರಬೇಕು ಎಂದು ಸಂಪಾದಕ ಜಯೇಶ್ ಹೇಳಿದಾಗ ದಿಶಾ ಆಗಲಿ ಎಂದು ತಲೆಯಾಡಿಸಿಬಿಟ್ಟಳು. ಬೇಡ ಎನ್ನುವ ಧೈರ್ಯ ಅವಳಿಗೆ ಇರಲಿಲ್ಲ. ಅವನ ಕೋಣೆಯಿಂದ ಹೊರಗೆ ಬಂದು ಮೇಜಿನ ಮುಂದೆ ಕುಳಿತು ದಿನ ಎಣಿಸಿದಳು. ಬರೆದು ಕೊಡಲು ಹನ್ನೆರಡು ದಿನಗಳಿದ್ದವು.

ಥಾಣೆಯ ಹತ್ತಿರದ ರಬಾಳೆಯ ಕೈಗಾರಿಕಾ ಪ್ರದೇಶದಲ್ಲಿ, ಬಣ್ಣದ ಗೋದಾಮೊಂದರ ಮೇಲಿನ ಮಹಡಿಯಲ್ಲಿದ್ದ ಆ ಕಂಪನಿ ತಿಂಗಳಿಗೊಂದು ಕಾಮಿಕ್ಸ್ ಪುಸ್ತಕ ತರುತ್ತಿತ್ತು. ಅದರ ಹೆಸರು ‘ಖಾಡಿ ಪಂಚಕ’. ಥಾಣೆಯ ಖಾಡಿಯ, ಅಂದರೆ ಕಡಲಿನ ಹಿನ್ನೀರಿನ, ಎರಡೂ ದಡಗಳಲ್ಲಿ ವಾಸಿಸುವ ಐವರು ಸಾಮಾನ್ಯರಿಗೆ ಒಂದೊಂದು ಅಸಾಧಾರಣ ಶಕ್ತಿ ಬಂದು, ಅವರು ತಂಡ ಕಟ್ಟಿಕೊಂಡ ಕಥೆ. ಐವರಲ್ಲಿ ಓದುಗರಿಗೆ ಹೆಚ್ಚು ಪ್ರಿಯಳಾದವಳು ಮೋಕಳಿ. ಮರಾಠಿಯಲ್ಲಿ ಹಾಗೆಂದರೆ ತೆರವಾದವಳು, ಬಿಡುವಾದವಳು. ಅವಳು ನಿಂತಲ್ಲಿ ಜಾಗ ಹುಟ್ಟುತ್ತಿತ್ತು. ಕಾಲಿಡಲಾಗದ ಲೋಕಲ್ ರೈಲಿನ ಡಬ್ಬಿಗೆ ಅವಳು ಹತ್ತಿದರೆ ಎಲ್ಲರಿಗೂ ಉಸಿರಾಡುವಷ್ಟು ಎಡೆಯಾಗುತ್ತಿತ್ತು. ಕುಸಿದ ಕಟ್ಟಡದ ಗೋಡೆಗಳು ಅವಳನ್ನು ಕಂಡು ಹಿಂದೆ ಸರಿಯುತ್ತಿದ್ದವು.

ಆ ಐವರನ್ನೂ ಸೃಷ್ಟಿಸಿ, ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಬರೆದವರು ಗುಣಪಾಲ. ಕಳೆದ ಮಳೆಗಾಲದ ಕೊನೆಯಲ್ಲಿ, ಐವತ್ತಮೂರನೆಯ ಸಂಚಿಕೆಯಲ್ಲಿ, ಅವರು ಮೋಕಳಿಯನ್ನು ಎರಡೇ ಪುಟಗಳಲ್ಲಿ ಸಾಯಿಸಿದ್ದರು. ಅದಕ್ಕೆ ಹಿಂದೆ ಮುಂದೆ ಏನೂ ಇರಲಿಲ್ಲ. ಓದುಗರು ರೇಗಿದರು. ಕಂಪನಿ ಅವಳನ್ನು ಮತ್ತೆ ತರಲು ಹೇಳಿತು. ಗುಣಪಾಲ ಆಗದು ಎಂದು ಕೆಲಸ ಬಿಟ್ಟು ಹೋದರು. ಪಾತ್ರಗಳ ಹಕ್ಕು ಕಂಪನಿಯದಾದ್ದರಿಂದ ಐವತ್ತನಾಲ್ಕನೆಯ ಸಂಚಿಕೆಯಿಂದ ಬರೆಯುವ ಕೆಲಸ ಡೊಂಬಿವಲಿಯ ದಿಶಾಳಿಗೆ ಬಂತು.

ಅವಳಿಗೆ ಆಗ ಇಪ್ಪತ್ತಾರು. ಕೆಲಸ ಸಿಕ್ಕಿದ್ದಕ್ಕೆ ಕಾರಣ ಅವಳು ಕಾಲೇಜಿನಲ್ಲಿದ್ದಾಗ ಅಭಿಮಾನಿಗಳ ಗುಂಪಿನಲ್ಲಿ ಬರೆದ ಒಂದು ಉದ್ದನೆಯ ವಾದ. ತಂಡದ ಕಥೆಗಳಲ್ಲಿ ಲೇಖಕ ದೊಡ್ಡವನೋ ಪಾತ್ರ ದೊಡ್ಡದೋ ಎಂದು ಅಲ್ಲಿ ಜಗಳ ನಡೆದಿತ್ತು. ಲೇಖಕರು ಹನ್ನೊಂದು ತಿಂಗಳ ಕರಾರಿನ ಬಾಡಿಗೆದಾರರು, ಮನೆ ಪಾತ್ರಗಳದ್ದು, ಒಬ್ಬ ಖಾಲಿ ಮಾಡಿದರೆ ಇನ್ನೊಬ್ಬ ಬರುತ್ತಾನೆ ಎಂದು ಅವಳು ಬರೆದಿದ್ದಳು. ಅದು ಜಯೇಶನ ಮನಸ್ಸಿಗೆ ಹಿಡಿಸಿತ್ತು. ಅವನದೂ ಅದೇ ಮತ. ಲೋಕಲ್ ಓಡಿಸುವ ಮೋಟರ್‌ಮನ್ ಹೆಸರು ಕೇಳಿಕೊಂಡು ಯಾರೂ ಗಾಡಿ ಹತ್ತುವುದಿಲ್ಲ ಎಂದು ಅವನು ಹೊಸಬರಿಗೆಲ್ಲ ಹೇಳುತ್ತಿದ್ದ.

ಈಗ ಬಾಡಿಗೆ ಮನೆಯೊಳಗೆ ಬಂದು ಕುಳಿತವಳು ತಾನೇ ಆದ ಮೇಲೆ ದಿಶಾಳಿಗೆ ಆ ಮಾತು ಚುಚ್ಚತೊಡಗಿತು. ಉಳಿದ ನಾಲ್ವರನ್ನು ಅವಳು ಹೇಗೋ ಸಂಭಾಳಿಸುತ್ತಿದ್ದಳು. ಗುಣಪಾಲ ಸರ್ ಇದ್ದಾಗ ಹೀಗಿರಲಿಲ್ಲ ಎಂಬ ಪತ್ರಗಳು ಪ್ರತಿ ತಿಂಗಳೂ ಬರುತ್ತಿದ್ದವು, ಆದರೂ ಪುಸ್ತಕ ನಡೆಯುತ್ತಿತ್ತು. ಮೋಕಳಿ ಮಾತ್ರ ಬಾಯಿ ಬಿಡಲೊಲ್ಲಳು. ಬಿಟ್ಟರೆ ಅದು ದಿಶಾಳದೇ ಮಾತಾಗಿರುತ್ತಿತ್ತು. ಅವಳನ್ನು ತಂದು ನಿಲ್ಲಿಸಿದ ಪುಟದಲ್ಲಿ ಉಳಿದ ನಾಲ್ವರೂ ಪರಿಚಯವಿಲ್ಲದವರಂತೆ ಸುಮ್ಮನಾಗಿಬಿಡುತ್ತಿದ್ದರು. ಮೇ ತಿಂಗಳ ಸೆಕೆಯಲ್ಲಿ ಐದು ದಿನ ಹೀಗೇ ಹೋಯಿತು. ಅವಳಿಗೆ ಊಟ ಸೇರುತ್ತಿರಲಿಲ್ಲ.

ಅವಳ ತಂದೆ ಮುಂಡಪ್ಪ ಡೊಂಬಿವಲಿ ಪೂರ್ವದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಮ್ಯಾನೇಜರ್. ಮಗಳ ಮುಖ ನೋಡಿ ವಿಷಯ ಕೇಳಿದರು. ಅವಳು ಅರ್ಧ ಹಿಂದಿಯಲ್ಲಿ, ಅರ್ಧ ತುಳುವಿನಲ್ಲಿ ಹೇಳಿದಳು. ಅವರು ಯೋಚಿಸಿ, ತಮ್ಮ ಹೋಟೆಲಿನ ಬೋರ್ಡು, ಮೇಜು, ಮೆನು ಎಲ್ಲ ಅದೇ ಇರುತ್ತದೆ, ಆದರೆ ಅಡುಗೆಯವರು ಬದಲಾದರೆ ಗಿರಾಕಿ ಸಾಂಬಾರಿನ ಮೊದಲ ಚಮಚಕ್ಕೇ ತಲೆಯೆತ್ತಿ ನೋಡುತ್ತಾನೆ ಎಂದರು. ಸಮಾಧಾನಕ್ಕೆಂದು ಹೇಳಿದ ಮಾತು ಅವಳ ಹೆದರಿಕೆಯನ್ನು ಹೆಚ್ಚಿಸಿತು. ಮರುದಿನ ಭಾನುವಾರ. ಅವಳು ಗುಣಪಾಲರ ವಿಳಾಸ ಹುಡುಕಿಕೊಂಡು ಅಂಬರನಾಥಕ್ಕೆ ಹೋದಳು.

ಬಾಗಿಲು ತೆರೆದ ಗುಣಪಾಲರಿಗೆ ನಲವತ್ತೈದರ ಆಸುಪಾಸು, ಕ್ಷೌರ ಮಾಡದ ಮುಖ. ಅವಳ ಹೆಸರು ಕೇಳಿದ ಕೂಡಲೇ ಯಾರೆಂದು ಗೊತ್ತಾಯಿತು. ಒಳಗೆ ಕರೆದು ಕೂರಿಸಿದರು, ತಾವೇ ನೀರು ತಂದು ಕೊಟ್ಟರು. ಆಮೇಲೆ ಮೆಲ್ಲನೆ, “ಹನ್ನೊಂದು ತಿಂಗಳ ಬಾಡಿಗೆದಾರ ಅಂತ ಬರೆದದ್ದು ನೀವೇ ಅಲ್ವಾ?” ಎಂದು ಕೇಳಿದರು.

ದಿಶಾ, ಆಗ ಚಿಕ್ಕವಳಿದ್ದೆ ಎಂದಳು.

ಅವರು ಕೋಪಗೊಂಡಂತೆ ಕಾಣಲಿಲ್ಲ. ಆ ವಾದದಲ್ಲಿ ಅರ್ಧ ನಿಜ ಉಂಟು ಎಂದರು. “ಒಬ್ಬೊಬ್ಬರನ್ನೇ ಆದರೆ ಯಾರೂ ಬರೀಬಹುದು. ಹಾರುವವ ಹಾರ್ತಾನೆ, ಹೊಡೆಯುವವ ಹೊಡೀತಾನೆ. ಐದು ಜನರನ್ನು ಒಂದು ರೂಮಿನಲ್ಲಿ ಕೂರಿಸಿ ಚಾ ಕೊಡಿ. ಯಾರು ಯಾರ ಮಾತು ಅರ್ಧಕ್ಕೆ ತುಂಡು ಮಾಡ್ತಾರೆ, ಯಾರು ಎದ್ದು ಕಿಟಕಿ ಹತ್ರ ಹೋಗ್ತಾರೆ, ಅಲ್ಲಿ ಗೊತ್ತಾಗ್ತದೆ ಬರೆಯುವವ ಯಾರು ಅಂತ.”

ಅದೇ ತನಗೆ ಆಗುತ್ತಿಲ್ಲ, ಮೋಕಳಿ ಬಂದರೆ ಕೋಣೆ ಸತ್ತುಹೋಗುತ್ತದೆ, ದಯವಿಟ್ಟು ಸಹಾಯ ಮಾಡಿ ಎಂದು ದಿಶಾ ಕೇಳಿಕೊಂಡಳು. ಗುಣಪಾಲರು ಎದ್ದು ನಿಂತರು. ಹಕ್ಕು ಕಂಪನಿಯದು, ಬರೆಯುವ ಕೆಲಸ ಅವಳದು, ತಡೆಯಲು ತಾನು ಯಾರೂ ಅಲ್ಲ, ಆದರೆ ತನ್ನಿಂದ ಒಂದು ಶಬ್ದವೂ ಸಿಗುವುದಿಲ್ಲ ಎಂದರು. ಯಾಕೆ ಕೊಂದಿರಿ ಎಂದು ಅವಳು ಕೇಳಿದ್ದಕ್ಕೆ ಉತ್ತರ ಕೊಡದೆ ಬಾಗಿಲವರೆಗೆ ಬಂದು ಬೀಳ್ಕೊಟ್ಟರು.

ಅವಳು ಮೆಟ್ಟಿಲಿಳಿದು ವಸತಿ ಸೊಸೈಟಿಯ ಗೇಟಿನ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ಚಪ್ಪಲಿಯ ಸದ್ದಾಯಿತು. ಕೊತ್ತಂಬರಿ ಸೊಪ್ಪು ತರುವ ನೆಪಕ್ಕೆ ಕೈಯಲ್ಲಿ ಒಂದು ಚೀಲ ಹಿಡಿದುಕೊಂಡು ಎಪ್ಪತ್ತರ ಹೆಂಗಸೊಬ್ಬರು ಅವಸರದಿಂದ ಬರುತ್ತಿದ್ದರು. ಗುಣಪಾಲರ ತಾಯಿ ಸ್ವರ್ಣಲತಾ. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಅವರು ತುಳುವಿನಲ್ಲಿ ಮಾತು ತೆಗೆದರು. ಮೋಕಳಿ ತನ್ನ ಮಗಳು ಎಂದರು. ದಿಶಾಳಿಗೆ ಮೊದಲು ಅರ್ಥವಾಗಲಿಲ್ಲ. ಗುಣಪಾಲರ ತಂಗಿ ಜಯಲತಾ ಥಾಣೆಯ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಳು, ಹದಿನಾರು ವರ್ಷ ಅಂಬರನಾಥದಿಂದ ಹೆಂಗಸರ ಡಬ್ಬಿಯಲ್ಲಿ ನಿಂತೇ ಓಡಾಡಿದವಳು. ಅವಳನ್ನು ನೋಡಿಯೇ ಅಣ್ಣ ಮೋಕಳಿಯನ್ನು ಮಾಡಿದ್ದ. ಕಳೆದ ಆಗಸ್ಟಿನಲ್ಲಿ ಅವಳಿಗೆ ಜ್ವರ ಬಂದು ಮೂರೇ ದಿನಗಳಲ್ಲಿ ಎಲ್ಲ ಮುಗಿಯಿತು. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಗುಣಪಾಲ ಕೋಣೆಯ ಬಾಗಿಲು ಹಾಕಿಕೊಂಡು ಆ ಎರಡು ಪುಟಗಳನ್ನು ಬರೆದ.

“ಮಗಳನ್ನು ಜ್ವರ ಕೊಂಡುಹೋಯಿತು, ಅದು ಯಾರ ಕೈಯಲ್ಲೂ ಇರಲಿಲ್ಲ,” ಎಂದರು ಸ್ವರ್ಣಲತಾ. “ಪುಸ್ತಕದಲ್ಲಿದ್ದವಳನ್ನು ಇವನೇ ಕೊಂದ. ಅವಳಾದರೂ ಇರ್ತಿದ್ಲಲ್ಲ.”

ದಿಶಾಳಿಗೆ ಅಲ್ಲಿಂದ ಓಡಿಹೋಗಬೇಕೆನಿಸಿತು. ಯಾರೋ ಸತ್ತ ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಹೊಕ್ಕಂತೆ ಅನ್ನಿಸಿತು. ಆದರೆ ಮುದುಕಿ ಅವಳ ಫೋನ್ ನಂಬರು ಕೇಳಿದರು. ಜಯ ಹೇಗೆ ಮಾತಾಡುತ್ತಿದ್ದಳು, ಹೇಗೆ ನಗುತ್ತಿದ್ದಳು, ಎಲ್ಲ ತಾನು ಹೇಳುತ್ತೇನೆ, ನೀನು ಬರಿ ಎಂದರು. ಗುಣನಿಗೆ ಮಾತ್ರ ತಿಳಿಯಬಾರದು.

ಬೇಡವೆನ್ನಬೇಕಿತ್ತು. ದಿಶಾ ನಂಬರು ಕೊಟ್ಟಳು.

ಆ ವಾರ ಅವರು ಮೂರು ಸಲ ಕಲ್ಯಾಣ ಸ್ಟೇಷನ್ನಿನ ಹತ್ತಿರದ ಹೋಟೆಲೊಂದರಲ್ಲಿ ಭೇಟಿಯಾದರು. ಸ್ವರ್ಣಲತಾ ಮೊಣಕಾಲಿನ ಚಿಕಿತ್ಸೆಗೆ ಹೋಗುವುದಾಗಿ ಮನೆಯಲ್ಲಿ ಹೇಳಿ ಬರುತ್ತಿದ್ದರು. ದಿಶಾ ಆಫೀಸಿಗೆ ಅರ್ಧ ದಿನ ರಜೆ ಹಾಕುತ್ತಿದ್ದಳು. ಗಾಜಿನ ಬಾಗಿಲು ತೆರೆದಾಗಲೆಲ್ಲ ಗುಣಪಾಲರೇ ಬಂದರೆಂದು ಅವಳು ತಿರುಗಿ ನೋಡುತ್ತಿದ್ದಳು. ಮುದುಕಿಗೆ ಅಂಥ ಭಯವೇ ಇರಲಿಲ್ಲ. ನೀರುದೋಸೆ ತರಿಸಿಕೊಂಡು, ತಿನ್ನದೆ, ಮಗಳ ಬಗ್ಗೆ ಹೇಳುತ್ತಲೇ ಇರುತ್ತಿದ್ದರು. ಜಯ ಹಲ್ಲಿಗೆ ಹೆದರುತ್ತಿದ್ದಳು. ಒದ್ದೆ ಕೊಡೆಯನ್ನು ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿ ಫೈಲುಗಳನ್ನೆಲ್ಲ ಹಾಳು ಮಾಡಿಕೊಳ್ಳುತ್ತಿದ್ದಳು. ಒಮ್ಮೆ ಮುಂಬ್ರಾದಲ್ಲಿ ಬಾಗಿಲಿಗೆ ಅಡ್ಡ ನಿಂತ ಹೆಂಗಸಿನ ಜೊತೆ ಜಗಳಕ್ಕೆ ಬಿದ್ದು, ಕಲ್ವಾ ಬರುವಷ್ಟರಲ್ಲಿ ಅವಳದೇ ಊಟದ ಡಬ್ಬಿಯಿಂದ ಚಪಾತಿ ತಿನ್ನುತ್ತಿದ್ದಳು.

ಇದು ದಿಶಾ ಕಾಲೇಜಿನಿಂದಲೂ ಓದಿಕೊಂಡು ಬಂದ ಮೋಕಳಿಯಾಗಿರಲಿಲ್ಲ. ಪುಸ್ತಕದ ಮೋಕಳಿ ಶಾಂತ ಮುಖದವಳು, ಯಾರಿಗೂ ಎತ್ತಿ ಮಾತಾಡಿದವಳಲ್ಲ. ಅದನ್ನು ಹೇಳಿದಾಗ ಸ್ವರ್ಣಲತಾ ನಕ್ಕುಬಿಟ್ಟರು. ಜಯಲತಾಳಿಗೆ ತಾನೇ ಮೋಕಳಿ ಎಂದು ಗೊತ್ತಿತ್ತಂತೆ. ಪ್ರತಿ ತಿಂಗಳು ಓದಿ ತಾಯಿಯ ಹತ್ತಿರ ದೂರುತ್ತಿದ್ದಳಂತೆ. ಅವಳ ಮಾತನ್ನು ಅವರು ಹಾಗೇ ಹೇಳಿದರು: “ಅಣ್ಣ ನನ್ನನ್ನು ದೇವಿ ಮಾಡಿ ಕೂರಿಸಿದ್ದಾನೆ ಅಮ್ಮ. ನನಗೆ ಜಾಗ ಸಿಗದಿದ್ರೆ ಬೈಲಿಕ್ಕಾದ್ರೂ ಉಂಟು. ಆ ಪಾಪದವಳಿಗೆ ಅದೂ ಇಲ್ಲ.” ಅಣ್ಣನಿಗೆ ನೋವಾಗಬಾರದೆಂದು ಅವನ ಎದುರು ಮಾತ್ರ ಒಮ್ಮೆಯೂ ಅಂದಿರಲಿಲ್ಲ.

ದಿಶಾ ಮನೆಗೆ ಹೋಗಿ ಆ ಮಾತನ್ನೇ ಮೋಕಳಿಯ ಬಾಯಿಗೆ ಹಾಕಿದಳು. ಸತ್ತು ಎಂಟು ತಿಂಗಳಾದ ಮೇಲೆ ಮರಳಿ ಬಂದವಳು ತಂಡದವರು ತನ್ನ ಫೋಟೋಕ್ಕೆ ಹಾರ ಹಾಕಿ ಕೂತಿರುವುದನ್ನು ನೋಡಿ ಬೈಯತೊಡಗಿದಳು. ನಾಲ್ವರಲ್ಲಿ ಒಬ್ಬ ಉತ್ತರ ಕೊಟ್ಟ, ಇನ್ನೊಬ್ಬಳು ಅಡ್ಡ ಬಾಯಿ ಹಾಕಿದಳು, ಮತ್ತೊಬ್ಬ ಎದ್ದು ಕಿಟಕಿಯ ಹತ್ತಿರ ಹೋಗಿ ಅಳತೊಡಗಿದ. ಎರಡು ದಿನಗಳಲ್ಲಿ ಇಪ್ಪತ್ತೆರಡು ಪುಟ ಮುಗಿಯಿತು. ಅದರಲ್ಲಿ ಒಂದು ಪುಟ ಆಸ್ಪತ್ರೆಯದು. ಜ್ವರದ ಮೂರನೆಯ ದಿನ ಜಯಲತಾ ತಾಯಿಗೆ ಏನು ಹೇಳಿದಳು ಎಂಬುದನ್ನು ಸ್ವರ್ಣಲತಾ ಅಳುತ್ತಾ ಹೇಳಿದ್ದರು. ದಿಶಾ ಅದನ್ನೂ ಬರೆದಿದ್ದಳು.

ಜಯೇಶ್ ಓದಿ ಕುರ್ಚಿಯಿಂದ ಎದ್ದೇಬಿಟ್ಟ. ಇಷ್ಟು ದಿನದಲ್ಲಿ ಇಂಥದ್ದು ಬಂದಿಲ್ಲ ಎಂದ. ಆಸ್ಪತ್ರೆಯ ಪುಟವನ್ನು ಮತ್ತೆ ಮತ್ತೆ ತಿರುವಿ ನೋಡಿ, ಅದನ್ನೇ ಜಾಹೀರಾತಿಗೆ ಹಾಕೋಣ ಎಂದ. ದಿಶಾಳಿಗೆ ಸಂತೋಷವಾಗುವ ಬದಲು ಸ್ವರ್ಣಲತಾ ಅಳುತ್ತಾ ಅದನ್ನು ಹೇಳಿದ್ದು ನೆನಪಾಯಿತು. ಮರುದಿನ ಚಿತ್ರಕಾರ ಕೌಶಲ್‌ಗೆ ಸ್ಕ್ರಿಪ್ಟ್ ಹೋಗಬೇಕು. ಒಮ್ಮೆ ಹೋದರೆ ಹಿಂದಕ್ಕೆ ಬರುವುದಿಲ್ಲ. ಸಂಜೆ ಮನೆಗೆ ಹೋಗುವಾಗ ಗಾಡಿಯಲ್ಲಿ ನಿಂತುಕೊಂಡೇ ಅವಳು ಇಪ್ಪತ್ತೆರಡೂ ಪುಟಗಳನ್ನು ಗುಣಪಾಲರಿಗೆ ಕಳಿಸಿದಳು. ಜೊತೆಗೆ ನಿಮ್ಮ ತಾಯಿಯವರನ್ನು ಭೇಟಿಯಾಗಿದ್ದೆ, ತಪ್ಪು ನನ್ನದು ಎಂದು ಬರೆದಳು. ಅವರು ಓದಿದ ಗುರುತು ಫೋನಿನಲ್ಲಿ ಕಾಣಿಸಿತು. ಉತ್ತರ ಬರಲಿಲ್ಲ. ಸ್ವರ್ಣಲತಾ ಅವರಿಗೂ ಹೇಳಬೇಕೆಂದು ಕರೆ ಮಾಡಿದಳು. ಅವರು ಎತ್ತಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಗುಣಪಾಲರ ಸಂದೇಶ ಬಂತು. ಥಾಣೆಯಲ್ಲಿ ಇರುತ್ತೇನೆ, ವಾಶಿ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ಎಂದಷ್ಟೇ ಇತ್ತು. ಡೊಂಬಿವಲಿಯಿಂದ ಥಾಣೆಯವರೆಗೆ ಅವಳಿಗೆ ಗಾಡಿಯ ನೂಕುನುಗ್ಗಲು ಗಮನಕ್ಕೇ ಬರಲಿಲ್ಲ. ಅವಳು ಇಳಿದು ರಬಾಳೆಯ ಗಾಡಿಗೆ ದಿನವೂ ಕಾಯುವ ಜಾಗದಲ್ಲಿ, ಕಂಬಕ್ಕೆ ಒರಗಿ ಅವರು ನಿಂತಿದ್ದರು. ಕೈಯಲ್ಲಿ ಮುದ್ರಿಸಿದ ಹಾಳೆಗಳಿದ್ದವು.

“ಅಮ್ಮನನ್ನು ಹೋಟೆಲಿಗೆ ಕರೆದು ಬಾಯಿ ಬಿಡಿಸಿದ್ದೀರಿ,” ಎಂದರು.

ದಿಶಾ ಹೌದು ಎಂದಳು. ತಾಯಿಯವರೇ ತಾವಾಗಿ ಬಂದದ್ದು ಎಂದು ಹೇಳಬಹುದಿತ್ತು, ಹೇಳಲಿಲ್ಲ.

ಒಂದು ಗಾಡಿ ಬಂತು, ಜನ ಇಳಿದರು, ಹತ್ತಿದರು, ಹೋಯಿತು. ಅವರಿಬ್ಬರೂ ಹತ್ತಲಿಲ್ಲ. ಗುಣಪಾಲರು ಹಾಳೆಗಳ ನಡುವಿನಿಂದ ಒಂದನ್ನು ಎಳೆದು ಅವಳಿಗೆ ತೋರಿಸಿದರು. ಮೋಕಳಿ ಹಾರ ಕಿತ್ತೆಸೆದು, ನನ್ನನ್ನು ದೇವಿ ಮಾಡಿ ಕೂರಿಸಿದ್ದೀರಿ ಎಂದು ಬೈಯುವ ಪುಟ.

“ಇದು ಜಯ ಹೇಳಿದ್ದಾ?”

“ಹಾಂ ಸರ್. ಆಂಟಿ ಬತಾಯಾ. ನಿಮ್ಗೆ ಬೇಜಾರ್ ಆಗ್ಬಾರ್ದು ಅಂತ ಹೇಳಿರ್ಲಿಲ್ಲಂತೆ.”

ಅವರು ಆ ಪುಟವನ್ನು ಮತ್ತೊಮ್ಮೆ ಓದಿದರು. ಕೊನೆಗೆ, ತಂಗಿ ಪ್ರತಿ ತಿಂಗಳೂ ಪುಸ್ತಕ ಓದಿ ಚೆನ್ನಾಗಿದೆ ಅಂತ ಒಂದೇ ಮಾತು ಹೇಳುತ್ತಿದ್ದಳು, ತಾನದನ್ನು ನಂಬಿಕೊಂಡಿದ್ದೆ ಎಂದರು. ಐವತ್ತಮೂರು ಸಂಚಿಕೆ ಬರೆದೆ, ಒಂದರಲ್ಲೂ ಮೋಕಳಿ ಬೈಯಲಿಲ್ಲವಲ್ಲ ಎಂದರು. ಅವರ ದನಿ ಅಲ್ಲಿ ಒಡೆಯಿತು. ದಿಶಾ ಎಲ್ಲಿ ನೋಡಬೇಕೆಂದು ತಿಳಿಯದೆ ಹಳಿಗಳ ಕಡೆ ನೋಡಿದಳು.

ಆಮೇಲೆ ಅವರು ಆಸ್ಪತ್ರೆಯ ಪುಟ ತೆಗೆದು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. “ಇದು ಬೇಡ. ಇದು ಅಮ್ಮನದ್ದು, ಮೋಕಳಿದಲ್ಲ. ಉಳಿದದ್ದು ನೀವು ಬರೆದದ್ದು, ಅದಕ್ಕೆ ನನ್ನನ್ನು ಕೇಳಬೇಡಿ.”

ಒಪ್ಪಿದರೋ ಇಲ್ಲವೋ ಎಂದು ಅವಳಿಗೆ ತಿಳಿಯಲಿಲ್ಲ. ಅವರು ಸೇತುವೆಯ ಮೆಟ್ಟಿಲು ಹತ್ತಿ ಹೋದರು.

ಆಫೀಸಿನಲ್ಲಿ ದಿಶಾ ನೇರವಾಗಿ ಜಯೇಶನ ಕೋಣೆಗೆ ಹೋಗಿ ಆಸ್ಪತ್ರೆಯ ಪುಟ ತೆಗೆಯುತ್ತೇನೆ, ಮಧ್ಯಾಹ್ನದೊಳಗೆ ಬೇರೆ ಪುಟ ಕೊಡುತ್ತೇನೆ ಎಂದಳು. ಅವನು ಮೊದಲು ತಮಾಷೆ ಎಂದುಕೊಂಡ. ಆಮೇಲೆ ಕಾರಣ ಕೇಳಿದ. ಅವಳು ಅದು ನನಗೆ ಸೇರಿದ್ದಲ್ಲ ಎಂದಷ್ಟೇ ಹೇಳಿದಳು. ಅವನ ಮುಖ ಬಿಗಿಯಾಯಿತು. ಪುಸ್ತಕದಲ್ಲಿರುವ ಅತ್ಯಂತ ಒಳ್ಳೆಯ ಪುಟ ಅದೇ, ಮೋಕಳಿ ಕಂಪನಿಯವಳು, ಅವಳ ಬಾಯಿಂದ ಏನು ಬರಬೇಕೆಂದು ಹೇಳುವವರು ಲೇಖಕರಲ್ಲ ಎಂದ. ಆ ಕುರ್ಚಿಯಲ್ಲಿ ಕೂರಲು ಇನ್ನೂ ಹತ್ತು ಜನ ಕಾದಿದ್ದಾರೆ ಎಂದೂ ನೆನಪಿಸಿದ.

ದಿಶಾ ಅವನ ಮೇಜಿನ ಮೇಲಿದ್ದ ಆ ಪುಟವನ್ನು ಎತ್ತಿಕೊಂಡಳು. “ಬರಲಿ ಸರ್,” ಎಂದಳು. “ಅವರಿಗೂ ಆ ಪುಟ ನಾನು ಕೊಡೋದಿಲ್ಲ. ಅವರು ಬರೆದರೆ ಅದು ಬೇರೆ ಆಗ್ತದೆ.”

ಜಯೇಶ್ ಗಡಿಯಾರ ನೋಡಿದ. ಸ್ಕ್ರಿಪ್ಟ್ ಅಂದೇ ಹೋಗಬೇಕಿತ್ತು, ಬೇರೆಯವರನ್ನು ಹುಡುಕಲು ಸಮಯವಿರಲಿಲ್ಲ. ಎರಡು ಗಂಟೆಯೊಳಗೆ ಹೊಸ ಪುಟ ಬರಲಿ, ಅರವತ್ತಮೂರನೆಯ ಸಂಚಿಕೆಯ ನಂತರ ನಿನ್ನ ವಿಷಯ ನೋಡೋಣ ಎಂದ. ಅವಳು ಹೊರಗೆ ಬಂದು ಬರೆಯಲು ಕುಳಿತಳು. ಮೋಕಳಿ ಒದ್ದೆ ಕೊಡೆಯಿಂದ ತಂಡದ ನಕ್ಷೆಯನ್ನೆಲ್ಲ ಹಾಳುಮಾಡುವ ಪುಟ ಬಂತು. ಆಸ್ಪತ್ರೆಯ ಪುಟದಷ್ಟು ಒಳ್ಳೆಯದಾಗಲಿಲ್ಲ, ಅದು ಅವಳಿಗೇ ಗೊತ್ತಿತ್ತು.

ಸಂಚಿಕೆ ಜೂನ್ ಎರಡನೆಯ ವಾರ ಹೊರಬಂತು. ಮೊದಲ ದಿನ ಅವಳು ಫೋನನ್ನು ಬ್ಯಾಗಿನ ತಳಕ್ಕೆ ಹಾಕಿಟ್ಟಳು. ಮಧ್ಯಾಹ್ನ ತಡೆಯಲಾಗದೆ ತೆಗೆದು ನೋಡಿದರೆ ಓದುಗರು ಎರಡು ಪಾಲಾಗಿದ್ದರು. ಇದು ನಮ್ಮ ಮೋಕಳಿಯಲ್ಲ, ಈ ಬಾಯಿಬಡುಕಿ ಯಾರು, ಹೆಸರಿಟ್ಟರೆ ಸಾಕೇ ಎಂದು ಕೆಲವರು. ಇಷ್ಟು ವರ್ಷಕ್ಕೆ ಅವಳು ನಿಜವಾದ ಹೆಂಗಸಾದಳು ಎಂದು ಕೆಲವರು. ಹಳೆಯ ಜಗಳ ಮತ್ತೆ ಹತ್ತಿಕೊಂಡಿತ್ತು. ಯಾರೋ ಹನ್ನೊಂದು ತಿಂಗಳ ಬಾಡಿಗೆದಾರರ ಮಾತನ್ನು ಹುಡುಕಿ ತೆಗೆದು ಅವಳ ಹೆಸರಿನ ಸಮೇತ ಹಾಕಿದ್ದರು. ಅವಳು ಫೋನನ್ನು ಮತ್ತೆ ಬ್ಯಾಗಿನ ತಳಕ್ಕೆ ಹಾಕಿದಳು.

ಮೂರನೆಯ ದಿನ ಸ್ವರ್ಣಲತಾ ಕರೆ ಮಾಡಿದರು. ಪುಟಗಳನ್ನು ಗುಣಪಾಲರಿಗೆ ಕಳಿಸಿದ ದಿನದಿಂದ ಅವರು ಮಾತಾಡಿರಲಿಲ್ಲ. ಪುಸ್ತಕ ಎರಡು ಸಲ ಓದಿದೆ ಎಂದರು. ಜಯ ಬರುತ್ತಾಳೆ ಅಂತ ಕಾದಿದ್ದೆ ಎಂದರು.

“ಇವಳು ನನ್ನ ಮಗಳಲ್ಲ, ಮಗಾ. ಅವಳ ಮಾತು ಉಂಟು, ಅವಳ ಕೊಡೆ ಉಂಟು. ಅವಳಲ್ಲ.”

ದಿಶಾ ಕ್ಷಮೆ ಕೇಳಿದಳು. ಮುದುಕಿ ಅದನ್ನು ಕೇಳಿಸಿಕೊಳ್ಳದವರಂತೆ, ಹುಡುಗಿ ಒಳ್ಳೆಯವಳು, ಬಾಯಿ ಸ್ವಲ್ಪ ಜೋರು, ಆ ಕಿಟಕಿಯ ಹತ್ತಿರ ಅಳುತ್ತಿದ್ದವನನ್ನು ಅವಳು ಮದುವೆಯಾಗುತ್ತಾಳಾ ಎಂದು ಕೇಳಿದರು. ಆಗಬಾರದು, ಅವನು ಮೆತ್ತಗಿನವನು, ಅವಳಿಗೆ ಆಗಿಬರುವವನಲ್ಲ ಎಂದೂ ಹೇಳಿದರು. ಗುಣ ಪುಸ್ತಕ ಒಯ್ದು ಕೋಣೆಯಲ್ಲಿ ಇಟ್ಟುಕೊಂಡಿದ್ದಾನೆ, ಓದಿದನೋ ಇಲ್ಲವೋ ತಿಳಿಯದು, ಆದರೆ ಮಧ್ಯಾಹ್ನ ಊಟಕ್ಕೆ ಕೂತಾಗ ಜಯ ಮುಂಬ್ರಾದಲ್ಲಿ ಜಗಳವಾಡಿದ ಕಥೆ ಹೇಳು ಎಂದು ತಾನಾಗಿ ಕೇಳಿದ ಎಂದರು. ಒಂಬತ್ತು ಹತ್ತು ತಿಂಗಳಲ್ಲಿ ಅವನು ಮನೆಯಲ್ಲಿ ತಂಗಿಯ ಹೆಸರೆತ್ತಿದ್ದು ಅದೇ ಮೊದಲಂತೆ.

ಮರುದಿನ ಬೆಳಿಗ್ಗೆ ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ದಿಶಾಳಿಗೆ ಗುಣಪಾಲರ ಸಂದೇಶ ಬಂತು. ಹನ್ನೊಂದನೆಯ ಪುಟದಲ್ಲಿ ಮೋಕಳಿಯ ಗಾಡಿ ಥಾಣೆ ಬಿಟ್ಟು ಕಲ್ಯಾಣದ ಕಡೆ ಹೋಗುವಾಗ ಮೊದಲು ಮುಂಬ್ರಾ, ಆಮೇಲೆ ಕಲ್ವಾ ಬಂದಿದೆ, ಕೌಶಲ್ ಸ್ಟೇಷನ್ ಬೋರ್ಡುಗಳನ್ನು ಅದಲುಬದಲು ಮಾಡಿದ್ದಾನೆ, ಮುಂದಿನ ಮುದ್ರಣದಲ್ಲಿ ತಿದ್ದಿಸಿ. ಉಳಿದದ್ದು ಓದಿದೆ.

ಉಳಿದದ್ದು ಓದಿದೆ ಎಂದರೆ ಮೆಚ್ಚುಗೆಯೋ ಬರಿಯ ಸುದ್ದಿಯೋ ಎಂದು ಅವಳು ಅದನ್ನು ಮೂರು ಸಲ ಓದಿದಳು. ತಿಳಿಯಲಿಲ್ಲ. ಗಾಡಿ ಬಂತು. ಹೆಂಗಸರ ಡಬ್ಬಿಯ ಬಾಗಿಲಲ್ಲಿ ಒಂದು ಕಾಲಿಡುವಷ್ಟು ಜಾಗವಿತ್ತು. ಒಳಗಿದ್ದವರಿಗೆ ಸ್ವಲ್ಪ ಸರಿಯಿರಿ ಎಂದು ಮರಾಠಿಯಲ್ಲಿ ಗದರಿ, ಅವಳು ಹತ್ತಿಕೊಂಡಳು.